ಕಣ್ಣು ತೆರೆಯುವ ಕಾರು, ಬೀದರ್ ಮಾಮಾನ ಫಾರ್ವರ್ಡ್

ರವಿವಾರ ಮುಂಜಾನೆ ನಮ್ಮ ‘ಮುತ್ಯಾನ ಮನೆ’ ವಾಟ್ಸಾಪ್ ಗುಂಪಿನಲ್ಲಿ ನಡೆದ ಜಗಳ ಇದು. ಜಗಳದ ವಿಷಯ, ಹಚ್ಚಿದಾಗ ಕಾರಿನ ಮೂತಿಯಿಂದ ಮೇಲೆದ್ದು, ಆರಿಸಿದಾಗ ಒಳಗೆ ಮಲಗುವ ಹೆಡ್‌ಲೈಟು. ನಡುವೆ ಬಂದ ಗುಡ್ ಮಾರ್ನಿಂಗ್ ಹೂವು, ಎರಡು ಮದುವೆ ಕಾರ್ಡು ತೆಗೆದಿದ್ದೇನೆ. ಹೆಸರುಗಳು ನನ್ನ ಫೋನಿನಲ್ಲಿ ಇರುವ ಹಾಗೇ ಇವೆ.

ಬೀದರ್ ಮಾಮಾ: ವಿಡಿಯೋ ನೋಡಿ!! ಕಣ್ಣು ತೆರೆದು ಮುಚ್ಚುವ ಕಾರು. ಜಗತ್ತಿನ ಎಲ್ಲ ಸರ್ಕಾರಗಳೂ ಬ್ಯಾನ್ ಮಾಡಿವೆ. ಯಾಕೆ ಗೊತ್ತಾ? ಹತ್ತು ಜನರಿಗೆ ಕಳಿಸಿ 🙏

ಅಕ್ಕ: ಅಯ್ಯ, ಎಷ್ಟು ಚಂದ ಇದೆ! ಕಪ್ಪೆ ಕೆರೆಯಿಂದ ತಲೆ ಎತ್ತಿದ ಹಾಗೆ.

ನಾನು: ಮಾಮಾ, ಅದು ಮಜ್ದಾ ಎಂಎಕ್ಸ್-5. 1989ರಲ್ಲಿ ಬಂದ ಕಾರು. 1997ರ ತನಕ ಈ ಕಣ್ಣು ಇತ್ತು, ಮುಂದಿನ ಮಾದರಿಗೆ ತೆಗೆದರು. ಬ್ಯಾನ್ ಗೀನ್ ಏನೂ ಆಗಿಲ್ಲ. ಹಳೆಯ ಕಾರು ಇದ್ದವರು ಇವತ್ತಿಗೂ ಆರಾಮಾಗಿ ಓಡಿಸುತ್ತಾರೆ.

ಬೀದರ್ ಮಾಮಾ: ಅಳಿಯಾ, ಯುರೋಪಿನಲ್ಲಿ ಕಾನೂನು ಬಂತು ಅಂತ ವಿಡಿಯೋದಲ್ಲೇ ಹೇಳಿದ್ದಾರಲ್ಲ. ನಡೆದು ಹೋಗುವವರಿಗೆ ಬಡಿಯುತ್ತದಂತೆ.

ನಾನು: ಅದು ಅರ್ಧ ಖರೆ. ಕಾರು ಮನುಷ್ಯನಿಗೆ ಗುದ್ದಿದರೆ ಪೆಟ್ಟು ಕಡಿಮೆ ಆಗಬೇಕು ಅಂತ ನಿಯಮ ಬಂತು. ಮೂತಿಯ ಮೇಲೆ ಎದ್ದು ನಿಂತ ಗಟ್ಟಿ ಡಬ್ಬಿಗೆ ಆ ಪರೀಕ್ಷೆ ಪಾಸಾಗುವುದು ಕಷ್ಟ. ಆದರೆ ‘ಇಂಥ ಲೈಟು ಹಾಕಬೇಡಿ’ ಅಂತ ಯಾರೂ ಬರೆದಿಲ್ಲ. ನಿಜ ಹೇಳಬೇಕೆಂದರೆ ಇದನ್ನು ಸಾಕಿ ಬೆಳೆಸಿದ್ದೇ ಕಾನೂನು.

ಕಾಕಾ: ಕಾನೂನು ಬಿಡು ತಮ್ಮಾ. ಇಪ್ಪತ್ತೆಂಟು ವರ್ಷ ಗಾಡಿ ವೈರಿಂಗ್ ಮಾಡಿದ್ದೇನೆ. ಒಂದು ಲೈಟಿಗೆ ಒಂದು ಮೋಟಾರ್, ಅದಕ್ಕೆ ಗೇರು, ರಾಡು, ರಿಲೇ. ಇನ್ನೊಂದು ಬದಿಗೂ ಅಷ್ಟೇ. ಬಲ್ಬು ಉರಿಯಲು ಎರಡು ವೈರು ಸಾಕಾಗುವ ಕಡೆ ಇಷ್ಟು ಸಂಸಾರ ಯಾಕೆ? ಸೇಡಂ ರಸ್ತೆಯ ಸಿಮೆಂಟ್ ಧೂಳು ಒಂದು ವರ್ಷ ತಿಂದರೆ ಜಾಮ್. ಒಂದು ಕಣ್ಣು ಎದ್ದು, ಇನ್ನೊಂದು ಮಲಗಿದರೆ ಸೂಪರ್ ಮಾರ್ಕೆಟಿನಲ್ಲಿ ಕಣ್ಣು ಹೊಡೆದ ಅಂತ ಏಟು ತಿನ್ನಬೇಕು.

ಅಕ್ಕ: 😂😂 ಕಾಕಾ!

ನಾನು: ಮೋಟಾರ್ ಕೆಟ್ಟರೂ ಕೈಯಿಂದ ಎತ್ತಬಹುದು ಕಾಕಾ. ಎಂಎಕ್ಸ್-5ರ ಮೋಟಾರಿನ ಮೇಲೆ ತಿರುಗಿಸುವ ಗುಂಡಿ ಇದೆ.

ಕಾಕಾ: ರಾತ್ರಿ ಹತ್ತಕ್ಕೆ ಜೇವರ್ಗಿ ರಸ್ತೆಯಲ್ಲಿ ಬಾನೆಟ್ ಎತ್ತಿ ಗುಂಡಿ ತಿರುಗಿಸುತ್ತಾ ನಿಲ್ಲು. ನಾನು ಬರಲ್ಲ.

ಬೀದರ್ ಮಾಮಾ: ಕಾನೂನು ಬೆಳೆಸಿತು ಅಂದೆಯಲ್ಲ, ಹೇಗೆ? ಉತ್ತರ ಕೊಡು.

ನಾನು: ಅಮೆರಿಕದಲ್ಲಿ 1940ರಿಂದ ಒಂದೇ ನಮೂನೆ ಹೆಡ್‌ಲೈಟು. ಏಳಿಂಚಿನ ದುಂಡು ಗಾಜು, ಒಳಗೆ ತಂತಿ, ಹಿಂದೆ ಕನ್ನಡಿ, ಎಲ್ಲ ಕೂಡಿಸಿ ಸೀಲ್ ಮಾಡಿದ್ದು. ಸುಟ್ಟರೆ ಇಡೀ ಲೈಟೇ ಬದಲಿ. ಆಮೇಲೆ ನಾಲ್ಕು ಸಣ್ಣ ದುಂಡಿಗೆ, ಎಪ್ಪತ್ತರ ದಶಕದಲ್ಲಿ ಉದ್ದ ಚೌಕಕ್ಕೆ ಒಪ್ಪಿದರು. ಆದರೆ ಬೇಕಾದ ಆಕಾರ ಮಾಡಿಕೊಳ್ಳಲು 1983ರ ತನಕ ಬಿಡಲಿಲ್ಲ. ಅದರ ಜೊತೆಗೆ, ಲೈಟು ನೆಲದಿಂದ ಇಷ್ಟು ಎತ್ತರ ಇರಲೇಬೇಕು ಅಂತ ಬೇರೆ. ಈಗ ಮೂತಿ ಚಪ್ಪಟೆ ಇರುವ ಕಾರು ಮಾಡುವವನು ಅಂಬಾಸಿಡರಿನಂಥ ದುಂಡು ಲೈಟನ್ನು ಎಲ್ಲಿ ಇಡಬೇಕು? ಹಗಲು ಮಲಗಿಸಿದ, ರಾತ್ರಿ ಎಬ್ಬಿಸಿದ. ಗಾಳಿಗೂ ಅಡ್ಡ ಇಲ್ಲ, ನಿಯಮವೂ ಮುರಿಯಲಿಲ್ಲ.

ಇಲ್ಲಿ ಹತ್ತು ನಿಮಿಷ ಎಲ್ಲರೂ ಸುಮ್ಮನಿದ್ದರು. ಗೆದ್ದೆ ಅಂದುಕೊಂಡೆ. ಮಾಮಾ ಹುಡುಕುತ್ತಾ ಕೂತಿದ್ದರು.

ಬೀದರ್ ಮಾಮಾ: ಕಾರ್ಡ್ 810 ಅಂತ ಒಂದು ಅಮೆರಿಕದ ಕಾರು. 1936. ಡ್ಯಾಶ್‌ಬೋರ್ಡಿನಲ್ಲಿ ಹಿಡಿಕೆ ತಿರುವಿದರೆ ಲೈಟು ಮೇಲೆ. ನಿನ್ನ ಕಾನೂನು 1940ರದ್ದು. ಮಗ ಮೊದಲು ಹುಟ್ಟಿ ಅಪ್ಪ ಆಮೇಲೆ ಹುಟ್ಟಿದನಾ?

ಕಾಕಾ: ಭಲೇ ಅಣ್ಣಾರೆ!

ನಾನು: ಸಿಕ್ಕಿಬಿದ್ದೆ. ಅದಕ್ಕೇ ಹುಟ್ಟಿಸಿತು ಅನ್ನಲಿಲ್ಲ, ಬೆಳೆಸಿತು ಅಂದೆ 😄 ಕಾರ್ಡಿನದು ಬರೀ ಚಂದಕ್ಕೆ. ಆದರೆ ಆಗ ಅದು ಅಪರೂಪ. 1962ರಲ್ಲಿ ಲೋಟಸ್ ಎಲಾನ್ ಬಂದ ಮೇಲೆ ನೋಡಿ. ಪೋರ್ಷೆ, ಫೆರಾರಿ, ಟೊಯೋಟಾ, ಹೋಂಡಾ, ಎಲ್ಲರ ಮನೆಯಲ್ಲೂ ಒಂದಾದರೂ ಇತ್ತು.

ಅಕ್ಕ: ನನ್ನ ಕಪ್ಪೆ ಮಾತಿಗೆ ಯಾರೂ ಬೆಲೆ ಕೊಡಲಿಲ್ಲ.

ನಾನು: ಅಕ್ಕಾ, ಕಪ್ಪೆಗಣ್ಣು ಅಂತಲೇ ಇಂಗ್ಲೆಂಡಿನಲ್ಲಿ ಹೆಸರು ಬಿದ್ದ ಕಾರಿದೆ. ಆಸ್ಟಿನ್-ಹೀಲಿ ಸ್ಪ್ರೈಟ್, 1958. ಅದರ ಲೈಟು ಮಲಗಿಸಬೇಕು ಅಂತ ಮೊದಲು ಇತ್ತು. ಖರ್ಚು ಜಾಸ್ತಿ ಅಂತ ಬಿಟ್ಟರು. ಕಣ್ಣು ಬಾನೆಟ್ ಮೇಲೆ ಹಾಗೇ ಉಳಿಯಿತು.

ಕಾಕಾ: ಖರ್ಚು! ಮುಂಜಾನೆಯಿಂದ ನಾನು ಬಡಕೊಳ್ಳುವುದು ಅದನ್ನೇ. ನಿನ್ನ ಬಾಯಿಂದಲೇ ಬಂತು.

ನಾನು: ಖರ್ಚು ಯಾವಾಗಲೂ ಇತ್ತು ಕಾಕಾ. ಆದರೂ ನಲವತ್ತು ವರ್ಷ ಹಾಕಿದರಲ್ಲ? ಬೇಕಾಗಿತ್ತು, ಹಾಕಿದರು. ಬಲ್ಬು ಚಿಕ್ಕದಾಯಿತು, ಗಾಜಿನ ಜಾಗಕ್ಕೆ ಬಾಗಿಸಬಹುದಾದ ಪ್ಲಾಸ್ಟಿಕ್ ಬಂತು, ಚಪ್ಪಟೆ ಮೂತಿಯಲ್ಲೇ ಲೈಟು ಕೂತಿತು. ಆಗ ಬೇಡವಾಯಿತು. 1999ರಲ್ಲಿ ಲ್ಯಾಂಬೋರ್ಗಿನಿ ಡಿಯಾಬ್ಲೋದ ಕಣ್ಣು ಕಿತ್ತು ಏನು ಹಾಕಿದರು ಗೊತ್ತಾ? ನಿಸ್ಸಾನ್ 300ಜೆಡ್ಎಕ್ಸ್ ಕಾರಿನ ಹೆಡ್‌ಲೈಟು. ಕೊನೆಗೆ ಉಳಿದಿದ್ದು ಕಾರ್ವೆಟ್, ಲೋಟಸ್ ಎಸ್ಪ್ರಿ. ಎರಡರಲ್ಲೂ ಈ ಕಣ್ಣು 2004ಕ್ಕೆ ಮುಗಿಯಿತು.

ಅಕ್ಕ: ಹಗಲೂ ಲೈಟು ಉರಿಯಬೇಕು ಅನ್ನುವುದೂ ಕಾರಣ ಇರಬಹುದು ಅಲ್ವಾ? ನನ್ನ ಸ್ಕೂಟಿ ನೋಡಿ ದಿನಾ ಒಬ್ಬರಾದರೂ ‘ಲೈಟ್ ಬಂದ್ ಮಾಡ್ರಿ’ ಅಂತ ಕೈ ಮಾಡುತ್ತಾರೆ. ಬಂದ್ ಮಾಡಲು ಸ್ವಿಚ್ಚೇ ಇಲ್ಲ.

ಇದು ನನಗೆ ಹೊಳೆದಿರಲಿಲ್ಲ. ಗುಂಪಿನಲ್ಲಿ ಒಪ್ಪಿಕೊಳ್ಳಲಿಲ್ಲ, ಇಲ್ಲಿ ಒಪ್ಪುತ್ತೇನೆ.

ನಾನು: ಹೂಂ, ಅದೂ ಸೇರಿದೆ. ನಮ್ಮಲ್ಲಿ 2017ರ ಏಪ್ರಿಲಿನಿಂದ ಹೊಸ ಬೈಕಿಗೆ, ಸ್ಕೂಟರಿಗೆ ಆ ನಿಯಮ. ಸ್ವೀಡನ್ನಿನಲ್ಲಿ 1977ರಲ್ಲೇ ಕಾರಿಗೂ ಬಂತು. ಹಗಲೂ ಕಣ್ಣು ಬಿಟ್ಟೇ ಇರಬೇಕು ಅಂದರೆ ಮುಚ್ಚುವ ರೆಪ್ಪೆ ಯಾಕೆ?

ಕಾಕಾ: ಸೋತೆ ಅನ್ನು.

ನಾನು: ಒಂದು ಮಾತು ಕೇಳುತ್ತೇನೆ ಕಾಕಾ. ಈಗಿನ ಪ್ಲಾಸ್ಟಿಕ್ ಲೈಟು ಕಲಬುರಗಿ ಬಿಸಿಲಿಗೆ ಏನಾಗುತ್ತದೆ?

ಕಾಕಾ: ಹಳದಿ. ನಾಲ್ಕೈದು ಬೇಸಿಗೆಗೆ ಕಾಮಾಲೆ ಹಿಡಿದ ಹಾಗೆ. ಮರಳು ಕಾಗದ ಹಚ್ಚಿ ತಿಕ್ಕಿ ಪಾಲಿಶ್ ಹೊಡೆಯಬೇಕು. ವಾರಕ್ಕೆ ಮೂರು ಗಾಡಿ ಬಂದೇ ಬರುತ್ತವೆ.

ನಾನು: ಮುಚ್ಚಳದ ಕೆಳಗೆ ನೆರಳಿನಲ್ಲಿ ಮಲಗಿದ ಗಾಜಿಗೆ ಆ ತ್ರಾಸ ಇಲ್ಲ. ನಮ್ಮ ಊರಿಗೆ ಸರಿಯಾದ ಲೈಟು ಅದೇ!

ಕಾಕಾ: ಆಮೇಲೆ ನನ್ನ ಹೊಟ್ಟೆಗೆ ಏನು, ನಿನ್ನ ನೆರಳಾ?

ಬೀದರ್ ಮಾಮಾ: ಆಯ್ತು, ‘ಬ್ಯಾನ್’ ಅನ್ನುವುದು ತೆಗೆದು ಬೇರೆ ಗುಂಪಿಗೆ ಕಳಿಸುತ್ತೇನೆ.

ಐದು ನಿಮಿಷಕ್ಕೆ ನನ್ನ ಬೀದರಿನ ಗೆಳೆಯನಿಂದ ಅದೇ ವಿಡಿಯೋ ಬಂತು. ‘ಬ್ಯಾನ್’ ಹಾಗೇ ಇತ್ತು. ಒಂದು ನಮಸ್ಕಾರ ಜಾಸ್ತಿ ಆಗಿತ್ತು. ರಾತ್ರಿ ಹನ್ನೊಂದಕ್ಕೆ ಗುಂಪಿನಲ್ಲಿ ಮತ್ತೆ ಟಣ್ ಅಂತು.

ಕಾಕಾ: ಅಣ್ಣಾರೆ, ಮುಂಜಾನೆಯ ವಿಡಿಯೋ ಅಳಿಸಿಬಿಟ್ಟೆ. ಇನ್ನೊಮ್ಮೆ ಹಾಕ್ರಿ. ಆ ರಾಡನ್ನು ಮೋಟಾರಿಗೆ ಹೇಗೆ ಕೂಡಿಸಿದ್ದಾರೆ ನೋಡಬೇಕು. ಸುಮ್ನೆ.