ಸಹಾಯ ಬೇಕು: ನಾಲ್ಕನೇ ಕ್ಲಾಸ್ ಓದು, ಬರವಣಿಗೆ, ಸಮಾಜ

ಎಲ್ಲರಿಗೂ ನಮಸ್ಕಾರ, ಪ್ರೈಮರಿ ಟೀಚರ್ಸ್ ಯಾರಾದ್ರೂ ಇದ್ರೆ ಸ್ವಲ್ಪ ಹೇಳಿ. ಮಗಳು ನಾಲ್ಕನೇ ಕ್ಲಾಸು, ಪಾಠ ಜೋರಾಗಿ ಓದು ಅಂದ್ರೆ ಎಲ್ಲೂ ನಿಲ್ಲದೆ ಪಟಪಟ ಓದ್ತಾಳೆ, ಆದ್ರೆ ಮುಗಿದ್ಮೇಲೆ ಏನಮ್ಮ ಓದಿದ್ದು ಅಂದ್ರೆ ನನ್ನ ಮುಖ ನೋಡ್ತಾಳೆ, ಉತ್ತರ ಸಾಲಲ್ಲೇ ಇದ್ರೆ ಹುಡುಕಿ ಬರೀತಾಳೆ, 'ಯಾಕೆ' ಅನ್ನೋ ಪ್ರಶ್ನೆ ಬಂದ್ರೆ ಅಲ್ಲಿಗೆ ಮುಗೀತು. ಸಮಾಜದಲ್ಲಿ ಈಗ ನಕ್ಷೆ ನಡೀತಿದೆ, ದಿಕ್ಕು, ಅಳತೆ, ಸಂಕೇತ ಎಲ್ಲ ಬಾಯಿಪಾಠ, ಆದ್ರೆ ಉತ್ತರ ದಿಕ್ಕು ತೋರ್ಸು ಅಂದ್ರೆ ಬೆರಳು ಸೀದಾ ಸೀಲಿಂಗ್ ಕಡೆ! ಪುಸ್ತಕದ ನಕ್ಷೇಲಿ ಉತ್ತರ ಮೇಲ್ಗಡೆ ಇರುತ್ತಲ್ಲ, ಅವಳ ಲೆಕ್ಕ ಅವಳಿಗೆ ಸರಿ. ಬೆಳಿಗ್ಗೆ ಸೂರ್ಯನ ಕಡೆ ಮುಖ ಮಾಡಿ ನಿಲ್ಲಿಸಿ ಎಡಗೈ ಕಡೆ ಉತ್ತರ ಅಂತ ತೋರಿಸ್ದೆ, ಅದು ತಲೆಗೆ ಹೋಯ್ತು, ಮುಂದೆ ಅವಳ ಕೈಲೇ ರೂಮಿನ ನಕ್ಷೆ ಬರೆಸೋಣ ಅಂತಿದೀನಿ, ಸರಿನಾ? ಬರವಣಿಗೇಲಿ ಪ್ರತಿ ವಾಕ್ಯಾನೂ 'ಆಮೇಲೆ' ಇಂದ ಶುರು, ಅದು ಇರ್ಲಿ ಬಿಡಿ. ನಂಗೆ ಮುಖ್ಯವಾಗಿ ಬೇಕಿರೋದು ಓದಿದ್ದು ಅರ್ಥ ಮಾಡಿಸೋ ದಾರಿ. ಒಂದೊಂದು ಪ್ಯಾರಾಗೂ ನಿಲ್ಲಿಸಿ ಅವಳ ಮಾತಲ್ಲೇ ಹೇಳಿಸ್ಬೇಕಾ, ಇಲ್ಲ ಅವಳೇ ನಂಗೆ ಪ್ರಶ್ನೆ ಕೇಳೋ ಹಂಗೆ ಮಾಡ್ಬೇಕಾ? ಗೈಡ್ ತಗೊಳ್ಳಿ ಅಂತ ಮಾತ್ರ ಹೇಳ್ಬೇಡಿ ಪ್ಲೀಸ್, ರೆಡಿ ಉತ್ತರ ಕಂಡ್ರೆ ಪಾಠ ತೆಗೆಯೋದೇ ಇಲ್ಲ ಇವಳು.