ಮರು: ಸತ್ತವರ ಮಾತು ತಿಳಿಸುವ ‘ಮೀಡಿಯಂ’ಗೆ ಪದ ಬೇಕು (ತುರ್ತು, ಕುಪ್ಕಾ ಚಿತ್ರದ ಫಲಕಕ್ಕೆ)

> ಫಲಕ ನಾಳೆ ಅಚ್ಚಿಗೆ ಹೋಗಬೇಕು. ‘ಕುಪ್ಕಾ ವಿಯೆನ್ನಾದಲ್ಲಿ ಮಾಧ್ಯಮವಾಗಿದ್ದರು. ಮಾಧ್ಯಮ: ಬಣ್ಣದ ಅಕ್ವಾಟಿಂಟ್’ ಎಂದಾಗಿದೆ. ಮೊದಲನೆಯದಕ್ಕೆ ಬೇರೆ ಪದ?

‘ಮೀಡಿಯಂ’ ಎಂದೇ ಬರೆಯಿರಿ.

ಚಿತ್ರಕಾರ ಕುಪ್ಕಾ ಹುಟ್ಟಿದ್ದು 1871ರಲ್ಲಿ, ಆಗ ಆಸ್ಟ್ರಿಯಾ-ಹಂಗೆರಿಯಲ್ಲಿದ್ದ ಬೊಹೀಮಿಯಾದಲ್ಲಿ. ಕುದುರೆ ಜೀನು ಮಾಡುವ ಕಸುಬು ಕಲಿಯಲು ಸೇರಿದ ಕಡೆ ಯಜಮಾನನೇ ಪ್ರೇತವಾದಿ, ಅಂದರೆ ಸತ್ತವರೊಡನೆ ಮಾತಾಡಬಹುದೆಂದು ನಂಬಿದವ. ಮುಂದೆ ಪ್ರಾಗ್, ವಿಯೆನ್ನಾಗಳಲ್ಲಿ ಚಿತ್ರಕಲೆ ಓದುತ್ತಲೇ ಮೀಡಿಯಂ ಆಗಿಯೂ ಕೂರುತ್ತಿದ್ದರು.

‘ಪಾತ್ರಿ’ ಸೂಚಿಸಿದವರ ಮಾತು ಒಪ್ಪಲಾರೆ. ದೈವ ಮೈಮೇಲೆ ಬರುವ ಕರಾವಳಿಯ ಪಾತ್ರಿಗೆ ತನ್ನದೇ ದೈವವಿದೆ, ಸ್ಥಾನವಿದೆ, ಊರಿನ ಕಟ್ಟುಕಟ್ಟಳೆಯಿದೆ. ವಿಯೆನ್ನಾದಲ್ಲಿ ಮೇಜಿನ ಸುತ್ತ ಕೂತು ಸತ್ತ ನೆಂಟರನ್ನು ಕರೆಯುವವರಿಗೆ ಇದ್ಯಾವುದೂ ಇರಲಿಲ್ಲ. ‘ಪ್ರೇತವಾಹಕ’ ಎಂದರೆ ಶವ ಹೊರುವವ ಎಂದೇ ಓದಿಕೊಳ್ಳುತ್ತಾರೆ. ಬೇಡ.

ಫಲಕದ ತಲೆಬರಹಕ್ಕೆ ಯಾರೋ ಹೇಳಿದ ‘ಆವೇಶಚಿತ್ರ’ವಂತೂ ಪೂರಾ ತಪ್ಪು. ಅಕ್ವಾಟಿಂಟ್ ಎಂದರೆ ತಗಡಿನಿಂದ ಅಚ್ಚೊತ್ತುವ ಚಿತ್ರ. ಅದಕ್ಕೆ ತಾಮ್ರದ ತಗಡಿನ ಮೇಲೆ ರಾಳದ ಪುಡಿ ಉದುರಿಸಿ, ಕಾಯಿಸಿ ಅಂಟಿಸಬೇಕು; ತಿಳಿಯಾಗಿ ಉಳಿಯಬೇಕಾದ ಕಡೆ ವಾರ್ನಿಷ್ ಬಳಿದು ಆಸಿಡ್‌ಗೆ ಇಳಿಸಬೇಕು, ತೆಗೆದು ಮತ್ತೆ ಬಳಿಯಬೇಕು, ಮತ್ತೆ ಇಳಿಸಬೇಕು. ಒಂದೊಂದು ಛಾಯೆಗೂ ಲೆಕ್ಕ. ಮೈಮೇಲೆ ಬಂದಾಗ ಕೈ ತಾನೇ ಎಳೆದ ಗೆರೆಗೂ ಇದಕ್ಕೂ ಏನು ಸಂಬಂಧ? ಪ್ರೇತವಾದ ಅವರ ಚಿತ್ರದ ವಸ್ತುವಿನಲ್ಲಿದೆ, ಚಿತ್ರ ಮಾಡಿದ ರೀತಿಯಲ್ಲಿಲ್ಲ. ನೋಡುವವರಿಗೆ ಫಲಕ ಇದನ್ನು ತಪ್ಪಾಗಿ ಹೇಳಬಾರದು.

ಇನ್ನು ‘ಇಂಗ್ಲಿಷ್ ಪದ ಏಕೆ’ ಎಂಬ ತಕರಾರು. ‘ಮಾಧ್ಯಮ’ ಮಾತ್ರ ಅಚ್ಚಗನ್ನಡವೇ? ಅದೂ ಸಂಸ್ಕೃತದಿಂದ ತಂದದ್ದೇ. ಈಗ ಪತ್ರಿಕೆ, ಟಿವಿ, ಶಾಲೆಯ ಬೋಧನೆ, ಚಿತ್ರದ ಸಾಮಗ್ರಿ ಎಲ್ಲಕ್ಕೂ ಅದೇ ಪದ. ಅದರ ಮೇಲೆ ಪ್ರೇತವನ್ನೂ ಹೇರುವುದು ಬೇಡ. ಕನ್ನಡ ಬೇಕಿದ್ದರೆ ಕ್ರಿಯಾಪದದಲ್ಲಿ ತನ್ನಿ: ‘ಸತ್ತವರು ಇವರ ಮೈಮೇಲೆ ಬಂದು ಮಾತಾಡುತ್ತಾರೆಂದು ನಂಬಲಾಗಿತ್ತು, ಇಂಥವರನ್ನು ಮೀಡಿಯಂ ಎನ್ನುತ್ತಿದ್ದರು.’ ಓದುಗರಿಗೆ ಇಷ್ಟು ಸಾಕು.

ಪದಗಳು ಗಡಿ ದಾಟಬಾರದು ಎನ್ನುವವರು ಈ ಚಿತ್ರದ್ದೇ ಹೆಸರು ನೋಡಲಿ. 1900ರ ಹೊತ್ತಿಗೆ, ಪ್ಯಾರಿಸ್‌ಗೆ ಹೋದ ಮೇಲೆ ಮಾಡಿದ ‘ಜೀವದ ಆರಂಭ’ಕ್ಕೆ ಫ್ರೆಂಚ್‌ನಲ್ಲಿ ‘ನೆನ್ಯುಫಾರ್’ (ನೈದಿಲೆ) ಎಂಬ ಹೆಸರೂ ಉಂಟು. ನಮ್ಮ ‘ನೀಲೋತ್ಪಲ’ವೇ ಪರ್ಷಿಯನ್ನಿನಲ್ಲಿ ‘ನೀಲೂಫರ್’ ಆಗಿ, ಅರಬ್ಬಿ, ಲ್ಯಾಟಿನ್ ಹಾದು ಅಲ್ಲಿಗೆ ಮುಟ್ಟಿದ್ದು. ಫ್ರೆಂಚರು ಅದನ್ನು ಹೊರಗಟ್ಟಲಿಲ್ಲ.

ಅಂದ ಹಾಗೆ, ಬೆಳಕಿನ ಬಳೆಯೊಳಗೆ ಭ್ರೂಣವಿರುವ ಆ ಚಿತ್ರದ ಹೂವನ್ನು ಫಲಕದಲ್ಲಿ ‘ತಾವರೆ’ ಎಂದಿದ್ದೀರಿ. ‘ನೈದಿಲೆ’ ಎಂದು ತಿದ್ದಿ.