‘ತುಂಬುಬೆಳಕು’, ‘ಮಂದಬೆಳಕು’, ‘ತಿದ್ದುವುದು’: ಭಾವಚಿತ್ರ ತೆಗೆಯುವವರ ಮೂರು ಪದಗಳ ಬಗ್ಗೆ

ಸ್ಟುಡಿಯೋದಲ್ಲಿ ಭಾವಚಿತ್ರ ತೆಗೆಯುವುದನ್ನು ಹೊಸದಾಗಿ ಕಲಿಯುವವರಿಗೆಂದು ಕನ್ನಡದಲ್ಲಿ ಒಂದು ಕೈಪಿಡಿಯನ್ನು ಸಿದ್ಧಪಡಿಸುತ್ತಿದ್ದೇನೆ. ಅದರಲ್ಲಿ ಬಳಸಬೇಕಾದ ಮೂರು ಪದಗಳ ಬಗ್ಗೆ ಬಲ್ಲವರ ಅಭಿಪ್ರಾಯ ಬೇಕಾಗಿದೆ. ಕ್ಯಾಮೆರಾ, ಲೆನ್ಸ್, ಫ್ಲ್ಯಾಶ್, ರಿಫ್ಲೆಕ್ಟರ್ ಮೊದಲಾದ ಸಲಕರಣೆಗಳ ಹೆಸರನ್ನು ಇದ್ದಂತೆಯೇ ಇಟ್ಟುಕೊಳ್ಳಲು ನನಗೆ ಹಿಂಜರಿಕೆಯಿಲ್ಲ. ತೊಡಕಿರುವುದು ಕೆಲಸವನ್ನು ಹೇಳುವ ಪದಗಳಲ್ಲಿ. ಅಲ್ಲಿ ಪದ ತಪ್ಪಿದರೆ ಕಲಿಯುವವರ ಕೈಯೂ ತಪ್ಪುತ್ತದೆ.

ಮೊದಲನೆಯದು ಫಿಲ್ ಲೈಟ್. ಮೇನ್ ಲೈಟನ್ನು ಕೂತವರ ಕಣ್ಣಿನ ಮಟ್ಟಕ್ಕಿಂತ ಮೇಲೆ, ಪಕ್ಕಕ್ಕೆ ಸುಮಾರು 45 ಡಿಗ್ರಿ ಓರೆಯಾಗಿ ಇಟ್ಟಾಗ ಮುಖದ ಇನ್ನೊಂದು ಪಕ್ಕ ನೆರಳಿಗೆ ಬೀಳುತ್ತದೆ. ಆ ನೆರಳನ್ನು ಪೂರ್ತಿ ಅಳಿಸದೆ, ಅದರೊಳಗಿನ ಕಣ್ಣು ಕೆನ್ನೆಗಳ ವಿವರ ಕಾಣುವಷ್ಟು ಮಾತ್ರ ತಿಳಿಗೊಳಿಸಲು ಕ್ಯಾಮೆರಾದ ಸಮೀಪದಲ್ಲಿ ಇಡುವ ಎರಡನೆಯ ದೀಪವೇ ಫಿಲ್ ಲೈಟ್. ಇದಕ್ಕೆ ‘ತುಂಬುಬೆಳಕು’ ಎಂಬ ಪದವನ್ನು ಕೆಲವರು ಸೂಚಿಸುತ್ತಾರೆ. ಊದುಗೊಳವೆ, ಬೀಸುಗಲ್ಲು, ಕಡೆಗೋಲು ಎಂಬಲ್ಲಿ ಕ್ರಿಯಾಪದದ ಮುಂದೆ ನಾಮಪದ ಸೇರಿ ಆ ಕೆಲಸದ ಸಾಧನವನ್ನು ಹೇಳುವಂತೆ, ಇಲ್ಲಿಯೂ ‘ತುಂಬುವ ಬೆಳಕು’ ಎಂಬ ಅರ್ಥ ಬರಬಹುದೆಂಬುದು ಅವರ ವಾದ. ವ್ಯಾಕರಣದ ದೃಷ್ಟಿಯಿಂದ ಅದನ್ನು ತಳ್ಳಿಹಾಕಲಾಗದು. ಆದರೆ ತುಂಬುಗೆನ್ನೆ, ತುಂಬುತೋಳಿನ ರವಿಕೆ, ತುಂಬುಕುಟುಂಬ, ತುಂಬುಗರ್ಭಿಣಿ ಎಂದು ದಿನವೂ ಆಡುವವರ ಕಿವಿಗೆ ‘ತುಂಬುಬೆಳಕು’ ಎಂದರೆ ಪೂರ್ಣವಾದ, ಕೊರತೆಯಿಲ್ಲದ ಬೆಳಕು. ಫಿಲ್ ಲೈಟ್ ಅದಕ್ಕೆ ತದ್ವಿರುದ್ಧವಾದದ್ದು. ಅದು ಎರಡು ದೀಪಗಳಲ್ಲಿ ಕಡಿಮೆ ಬಲದ್ದಾಗಿಯೇ ಇರಬೇಕು. ಮೇನ್ ಲೈಟಿನ ಬಲ ಫಿಲ್ ಲೈಟಿನ ಎರಡರಷ್ಟಿದ್ದರೆ, ಎರಡೂ ಬೀಳುವ ಪಕ್ಕಕ್ಕೆ ಮೂರು ಪಾಲು, ಫಿಲ್ ಮಾತ್ರ ತಲುಪುವ ಪಕ್ಕಕ್ಕೆ ಒಂದು ಪಾಲು ಬೆಳಕು ಸಿಕ್ಕಿ 3:1ರ ಅನುಪಾತ ಬರುತ್ತದೆ, ಮುಖಕ್ಕೆ ಉಬ್ಬುತಗ್ಗು ಉಳಿಯುತ್ತದೆ. ಫಿಲ್ ಲೈಟನ್ನೂ ‘ತುಂಬು’ ಬಲಕ್ಕೆ ಏರಿಸಿದರೆ ಅನುಪಾತ 2:1ಕ್ಕೆ ಇಳಿದು ಮುಖ ಚಪ್ಪಟೆಯಾಗುತ್ತದೆ. ರೆಂಬ್ರಾಂಟ್ ಲೈಟಿಂಗ್ ಎಂಬ ವಿಧಾನದಲ್ಲಂತೂ ಮೂಗಿನ ನೆರಳು ಕೆನ್ನೆಯ ನೆರಳನ್ನು ಕೂಡಿಕೊಂಡು, ನೆರಳಿನ ಪಕ್ಕದ ಕಣ್ಣಿನ ಕೆಳಗೆ ಬೆಳಕಿನದೊಂದು ಪುಟ್ಟ ತ್ರಿಕೋನ ಉಳಿಯಬೇಕು. ಸುತ್ತಲಿನ ನೆರಳು ಕರಗಿದರೆ ಆ ತ್ರಿಕೋನಕ್ಕೆ ಅಂಚೇ ಇರುವುದಿಲ್ಲ. ಹೀಗಾಗಿ ‘ಆಸರೆಬೆಳಕು’ ಎನ್ನುವುದೇ ವಾಸಿಯೆಂದು ನನಗೆ ತೋರುತ್ತದೆ.

ಎರಡನೆಯದರ ಬಗ್ಗೆ ನನಗೆ ಅನುಮಾನ ಕಡಿಮೆ. ಸಾಫ್ಟ್ ಲೈಟನ್ನು ‘ಮಂದಬೆಳಕು’ ಎಂದು ಬರೆಯುವುದು ಸರಿಯಲ್ಲ. ಮಂದ ಎಂದರೆ ಬೆಳಕಿನ ಪ್ರಮಾಣ ಕಡಿಮೆಯೆಂದಾಗುತ್ತದೆ. ಇಲ್ಲಿ ಹೇಳಬೇಕಾಗಿರುವುದು ನೆರಳಿನ ಅಂಚು ಹೇಗಿದೆ ಎಂಬುದನ್ನು. ಛತ್ರಿ ಕಟ್ಟಿದ ದೀಪವನ್ನು ಕೂತವರ ಹತ್ತಿರಕ್ಕೆ ತಂದರೆ ಬೆಳಕು ಹೆಚ್ಚುತ್ತದೆ, ಜೊತೆಗೆ ಬೆಳಕಿನ ಮೂಲ ಮುಖಕ್ಕೆ ದೊಡ್ಡದಾಗಿ ತೋರುವುದರಿಂದ ನೆರಳಿನ ಅಂಚೂ ಮೆತ್ತಗಾಗುತ್ತದೆ. ‘ಮಂದ’ ಎಂದು ಓದಿದವರು ದೀಪವನ್ನು ದೂರ ಸರಿಸಿ, ಬೇಕಾದುದಕ್ಕೆ ಉಲ್ಟಾ ಫಲ ಪಡೆಯುತ್ತಾರೆ. ‘ಮೆದುಬೆಳಕು’ ಸಾಕು.

ಮೂರನೆಯದೇ ನನ್ನನ್ನು ಹೆಚ್ಚು ಕಾಡುತ್ತಿರುವುದು. ಸ್ಟುಡಿಯೋಗಳಲ್ಲಿ ‘ಟಚಿಂಗ್’ ಎನ್ನುವ ಕೆಲಸ ಫಿಲ್ಮಿನ ಕಾಲದಲ್ಲಿ ನೆಗೆಟಿವ್ ಮೇಲೆಯೇ, ಅಂದರೆ ಕಪ್ಪು ಬಿಳುಪು ತಿರುವುಮುರುವಾಗಿ ಮೂಡಿದ ಫಿಲ್ಮಿನ ಮೇಲೆಯೇ, ನಡೆಯುತ್ತಿತ್ತು. ಮುದ್ರಿತ ಚಿತ್ರದಲ್ಲಿ ಕಪ್ಪಾಗಿ ಕಾಣುವ ಸುಕ್ಕು ನೆಗೆಟಿವ್‌ನಲ್ಲಿ ಬೆಳಕು ಹೆಚ್ಚು ಹಾಯುವ ತಿಳಿಯಾದ ಗೆರೆ. ಅಲ್ಲಿ ಪೆನ್ಸಿಲ್ ಹಿಡಿಯಲೆಂದು ತೆಳ್ಳಗೆ ಮೆರುಗು ಸವರಿ, ಮರಳುಕಾಗದದ ಮೇಲೆ ಸೂಜಿಯಂತೆ ಹರಿತಗೊಳಿಸಿದ ಪೆನ್ಸಿಲಿನಿಂದ, ಹಿಂದಿನಿಂದ ಬೆಳಕು ಬರುವ ಓರೆ ಮೇಜಿನ ಮೇಲಿಟ್ಟು, ಅಲ್ಪವಿರಾಮದಷ್ಟು ಚಿಕ್ಕ ಗೀಟುಗಳನ್ನು ಎಳೆದು ಆ ಗೆರೆಯನ್ನು ತುಂಬುತ್ತಿದ್ದರು. ಚಿತ್ರದಲ್ಲಿ ಕಪ್ಪಾಗಬೇಕಾದ ಕಡೆ ಮಾತ್ರ ಚೂಪಾದ ಅಲಗಿನಿಂದ ಎಮಲ್ಷನ್ನನ್ನು (ಫಿಲ್ಮಿನ ಮೇಲೆ ಚಿತ್ರ ಮೂಡುವ ಲೇಪವನ್ನು) ಹದವಾಗಿ ಹೆರೆಯುತ್ತಿದ್ದರು. ಇದಕ್ಕೆ ‘ತಿದ್ದುವುದು’ ಎಂಬುದು ಬಹಳ ಒಪ್ಪುವ ಪದ, ಏಕೆಂದರೆ ಕನ್ನಡದಲ್ಲಿ ತಪ್ಪನ್ನಷ್ಟೇ ತಿದ್ದುವುದಿಲ್ಲ. ಮಕ್ಕಳು ಸ್ಲೇಟಿನ ಮೇಲೆ ಅಕ್ಷರ ತಿದ್ದುತ್ತಾರೆ, ಹೆಂಗಸರು ಕುಂಕುಮ ತಿದ್ದಿಕೊಳ್ಳುತ್ತಾರೆ. ಇರುವ ರೂಪದ ಮೇಲೆಯೇ ಕೈಯಾಡಿಸಿ ಅದನ್ನು ಸ್ಪಷ್ಟಪಡಿಸುವ ಅರ್ಥ ಅದರಲ್ಲಿದೆ. ಹೊಸದಾಗಿ ಕಟ್ಟಿದ ‘ಮರುಸ್ಪರ್ಶ’ಕ್ಕೆ ಆ ಬಲವಿಲ್ಲ.

ಆದರೆ ಈಗ ಕಂಪ್ಯೂಟರಿನಲ್ಲಿ ಎರಡು ಬೇರೆ ಬೇರೆ ಕೆಲಸಗಳು ‘ಟಚಿಂಗ್’ ಎಂಬ ಒಂದೇ ಹೆಸರಿನಲ್ಲಿ ನಡೆಯುತ್ತವೆ. ವಾರದಲ್ಲಿ ಮಾಯವಾಗುವ ಮೊಡವೆಯನ್ನು ತೆಗೆದು, ಹುಟ್ಟಿನಿಂದ ಬಂದ ಮಚ್ಚೆಯನ್ನು ಉಳಿಸುವುದು ಒಂದು. ಚರ್ಮದ ರಂಧ್ರ, ನವಿರುಗೂದಲು, ನಗುವಿನ ಗೆರೆ ಯಾವುದೂ ಕಾಣದಂತೆ ಇಡೀ ಮುಖವನ್ನು ಮೇಣದ ಬೊಂಬೆಯಂತೆ ನುಣುಪುಗೊಳಿಸುವುದು ಇನ್ನೊಂದು. ಮೊದಲನೆಯದರಲ್ಲಿ ಆ ವ್ಯಕ್ತಿಯ ಗುರುತು ಉಳಿಯುತ್ತದೆ, ಎರಡನೆಯದರಲ್ಲಿ ಅಳಿಯುತ್ತದೆ. ಎರಡಕ್ಕೂ ಒಂದೇ ಪದ ಕೊಟ್ಟರೆ ಕಲಿಯುವವರಿಗೆ ಎಲ್ಲಿ ನಿಲ್ಲಬೇಕೆಂಬುದು ತಿಳಿಯುವುದೇ ಇಲ್ಲ. ‘ತಿದ್ದಿ ತೀಡಿದ ಹುಬ್ಬು’ ಎಂಬ ಜೋಡುನುಡಿಯನ್ನು ಬಿಡಿಸಿ, ಮೊದಲನೆಯದನ್ನು ತಿದ್ದುವುದೆಂದೂ ಎರಡನೆಯದನ್ನು ತೀಡುವುದೆಂದೂ ಕರೆಯಬಹುದೇ ಎಂಬುದು ನನ್ನ ಮುಖ್ಯ ಪ್ರಶ್ನೆ.

ಗಂಧ ತೀಡುವುದರಲ್ಲಿ ಉಜ್ಜಿ ಸವೆಸುವ ಅರ್ಥವಿದೆ. ಅದು ನನಗೆ ಬೇಕಾದದ್ದೇ. ಮೀಸೆ ತೀಡುವುದರಲ್ಲಿ ಚೂಪುಗೊಳಿಸುವ ಅರ್ಥವಿದೆ, ಗಾಳಿ ತೀಡುವುದೆಂದರೆ ಬೀಸುವುದು. ಇವು ನನ್ನ ಉದ್ದೇಶಕ್ಕೆ ಅಡ್ಡ ಬರುತ್ತವೆ. ನಿಮ್ಮ ಸೀಮೆಯ ಆಡುಮಾತಿನಲ್ಲಿ ‘ತೀಡು’ ಎಂದೊಡನೆ ಇವುಗಳಲ್ಲಿ ಯಾವ ಅರ್ಥ ಮೊದಲು ಹೊಳೆಯುತ್ತದೆ, ಮತ್ತು ‘ಆಸರೆಬೆಳಕು’ ಎಂಬುದಕ್ಕಿಂತ ಹಗುರವಾದ ಪದವೇನಾದರೂ ಸ್ಟುಡಿಯೋದವರ ಬಾಯಲ್ಲಿದೆಯೇ ಎಂಬುದನ್ನು ದಯವಿಟ್ಟು ಊರಿನ ಹೆಸರಿನೊಂದಿಗೆ ತಿಳಿಸಬೇಕೆಂದು ಕೋರುತ್ತೇನೆ.